ಮಾಥೇರಾನಿನಲ್ಲಿ ಎಲ್ಲಿ ಉಳಿಯೋಣ?

1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಮಾಥೇರಾನ್ ಬೆಟ್ಟ ಹತ್ತಿದ. ಮುಂಬಯಿಯ ಸೆಕೆ ತಾಳದ ಬ್ರಿಟಿಷರು ಅಲ್ಲಿ ತಮ್ಮೂರಿನ ಹಳ್ಳಿಮನೆಗಳಂಥ ಬಂಗಲೆ ಕಟ್ಟಿಕೊಂಡರು. ಪಾರ್ಸಿ ಸಿರಿವಂತರೂ ಬಂದರು. 1907ರಲ್ಲಿ ಆದಮ್‌ಜಿ ಪೀರ್‌ಭಾಯ್ ಕುಟುಂಬ ನೇರಳ್‌ನಿಂದ ಪುಟ್ಟ ರೈಲು ತಂದಿತು.

ಇಂದಿಗೂ ನಮ್ಮ ಕಾರುಗಳಿಗೆ ದಸ್ತೂರಿ ನಾಕಾವೇ ಕೊನೆ. ಹಳೇ ಬಂಗಲೆಯ ಆಸೆಗೆ ನಾನು ಒಮ್ಮೆ ದೂರದಲ್ಲಿ ರೂಮ್ ಬುಕ್ ಮಾಡಿದ್ದೆ, ಅತ್ತೆಯ ಮೊಣಕಾಲು ನೋವು ಮರೆತು! ಕೈಗಾಡಿ ಕರೆದರೆ, "ಮನುಷ್ಯ ಎಳೆಯುವ ಗಾಡಿ ನನಗೆ ಬೇಡ" ಎಂದು ಕೆಂಪು ಮಣ್ಣಿನ ದಾರಿಯಲ್ಲಿ ಕೂತು ಕೂತು ನಡೆದರು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೈಗಾಡಿ ನಿಲ್ಲಿಸಲು ಆರು ತಿಂಗಳ ಗಡುವು ಕೊಟ್ಟಾಗ ಅವರಿಗೇ ಮೊದಲು ಫೋನ್ ಮಾಡಿದೆ.

ಈ ಸಲ ಬಂಗಲೆ ಬೇಡ, ಪುಟ್ಟ ರೈಲಿನ ಸ್ಟೇಷನ್ ಪಕ್ಕವೇ ರೂಮ್ ಹುಡುಕುತ್ತಿದ್ದೇನೆ.