ಹಳೇಬೀಡು ಎಂದು ಹುಡುಕಿದರೆ ದೋರಸಮುದ್ರ ಸಿಗುವುದಿಲ್ಲ

ಬೇಲೂರಿನ ಶಿಲ್ಪಗಳನ್ನು ಕೆತ್ತಿದವರು ಯಾರು ಎಂದು ಮೊಬೈಲಿನಲ್ಲಿ ಹುಡುಕಿ ನೋಡಿ. ಮೊದಲು ಎದುರಾಗುವ ಹೆಸರು ಜಕಣಾಚಾರಿ. ಕಲ್ಲಿನೊಳಗಿನ ಕಪ್ಪೆ, ತಂದೆಯ ತಪ್ಪು ಹಿಡಿದ ಡಂಕಣ, ಕೈ ಮರಳಿ ಬಂದ ಕೈದಾಳ, ಎಲ್ಲವೂ ಹತ್ತಾರು ಪುಟಗಳಲ್ಲಿ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಸಿಗುತ್ತವೆ. ಹತ್ತು ಕಡೆ ಇದೆಯೆಂದರೆ ಹತ್ತು ಸಾಕ್ಷಿ ಎಂದು ನಮ್ಮ ಎಷ್ಟೋ ಸೆಮಿನಾರ್ ಪ್ರಬಂಧಗಳು ನಂಬಿಬಿಡುತ್ತವೆ. ಒಂದನ್ನು ನೋಡಿ ಒಂಬತ್ತು ನಕಲಾಗಿದ್ದರೆ ಅದು ಒಂದೇ ಸಾಕ್ಷಿ.

ಹೊಯ್ಸಳ ಶಿಲ್ಪಿಗಳು ಹೆಸರು ಹೇಳಿಕೊಳ್ಳಲು ಸಂಕೋಚಪಟ್ಟವರಲ್ಲ. ಬೇಲೂರಿನ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರು, ಬಿರುದುಗಳನ್ನು ಕೆತ್ತಿಕೊಂಡಿದ್ದಾರೆ. ಅರಸೀಕೆರೆ ತಾಲ್ಲೂಕಿನ ಜಾವಗಲ್‌ನಲ್ಲಿ ಮಲ್ಲಿತಮ್ಮನ ಹೆಸರಿದೆ. ಸೋಮನಾಥಪುರದಲ್ಲೂ ಅದೇ ಹೆಸರಿದೆ. ಜಕಣಾಚಾರಿಯ ಸಹಿ ಮಾತ್ರ ಬೇಲೂರಿನಲ್ಲಿಲ್ಲ. ಐತಿಹ್ಯವನ್ನು ಎತ್ತಿ ಬಿಸಾಡಿ ಎನ್ನುತ್ತಿಲ್ಲ, ಅದಕ್ಕೂ ತನ್ನದೇ ಚರಿತ್ರೆಯುಂಟು. ಆದರೆ ದಾಸೋಜನ ದುಡಿಮೆಯನ್ನು ಅವನ ಹೆಸರಿಗೇ ಬರೆಯಬೇಕಲ್ಲ?

ಇದೇನೂ ಗುಟ್ಟಿನ ಸಂಗತಿಯಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ, ಹಾಸನ ಜಿಲ್ಲೆಯದು, 1902ರಲ್ಲಿ ಹೊರಬಂತು. ಆರ್. ನರಸಿಂಹಾಚಾರ್ ಬೇಲೂರಿನ ಕೇಶವ ದೇವಾಲಯದ ಕುರಿತೇ 1919ರಲ್ಲಿ ಒಂದು ಪುಸ್ತಕ ಬರೆದರು. ರೈಸ್ ಸಂಪುಟಗಳ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿಯೇ ಇದೆ. ಹಾಗಿದ್ದೂ ಹುಡುಕಾಟದಲ್ಲಿ ಸಿಗುವುದಿಲ್ಲ ಏಕೆ?

ಶಾಸನದ ಭಾಷೆ ಬೇರೆ, ನಾವು ಟೈಪಿಸುವ ಭಾಷೆ ಬೇರೆ. ಹೊಯ್ಸಳರ ಶಾಸನಗಳಲ್ಲಿ ಹಳೇಬೀಡು ದೋರಸಮುದ್ರ; ರಾಜಧಾನಿ ಪಾಳುಬಿದ್ದ ಮೇಲೆ ತಾನೇ ಅದು ಹಳೆಯ ಬೀಡಾದದ್ದು! ಬೇಲೂರು ಅಲ್ಲಿ ವೇಲಾಪುರ, ಬೇಲುಹೂರು. ಱ, ೞ ಅಕ್ಷರಗಳನ್ನು ಒಬ್ಬರು ಹಾಗೇ ಉಳಿಸಿರುತ್ತಾರೆ, ಇನ್ನೊಬ್ಬರು ರ, ಳ ಎಂದು ತಿದ್ದಿರುತ್ತಾರೆ. ವಿಷ್ಣುವರ್ಧನನ ಬೇಲೂರು ಪ್ರತಿಷ್ಠೆ 1117 ಎಂದು ನಾವು ಓದಿದ್ದೇವೆ, ಶಾಸನದಲ್ಲಿರುವುದು ಶಕವರ್ಷ 1039, ಹೇವಿಳಂಬಿ ಸಂವತ್ಸರ. ನಡುವಿನ 78 ವರ್ಷವನ್ನು ಕೂಡಿಸಿಕೊಳ್ಳುವ ಕೆಲಸ ಓದುಗನದು.

ಇದಕ್ಕಿಂತ ತಲೆನೋವಿನದು ಶಾಸನಗಳ ಸಂಖ್ಯೆ. ರೈಸ್ ತಾಲ್ಲೂಕುವಾರು ಸಂಖ್ಯೆ ಕೊಟ್ಟರು, ಬೇಲೂರು 58 ಎಂಬಂತೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಕ್ರಮವೂ ಶಾಸನದ ಸಂಖ್ಯೆಯೂ ಬದಲಾದವು. ಯಾವ ಆವೃತ್ತಿ ಎಂದು ಹೇಳದೆ ಬರೀ ಸಂಖ್ಯೆಯನ್ನು ನಕಲಿಸಿದರೆ ಓದುಗ ಬೇರೊಂದು ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾನೆ. ಕೃತಕ ಬುದ್ಧಿಮತ್ತೆಯ ಉತ್ತರವಾದರೆ ಆ ಸಂಖ್ಯೆ ಎಲ್ಲಿಂದ ಬಂತೆಂಬ ಸುಳಿವೂ ಎಷ್ಟೋ ಸಲ ಇರುವುದಿಲ್ಲ.

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆಗೆ ನಮ್ಮ ಪದವಿ ಕಾಲೇಜುಗಳಿಗೆ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪತ್ರಿಕೆ ಬಂತು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಸೈಬರ್ ಭದ್ರತೆ ಅದರ ವಿಷಯಗಳಾಗಿದ್ದವು. ಬೇಡವೆನ್ನಲಾರೆ. ಆದರೆ ಇತಿಹಾಸ ಓದುವ ಅರಸೀಕೆರೆಯ ಹುಡುಗಿಗೆ ಅದಕ್ಕಿಂತ ಮೊದಲು ಬೇಕಾದದ್ದು ಒಂದು ಅಡಿಟಿಪ್ಪಣಿಯನ್ನು ಹಿಡಿದು ಸಂಪುಟಕ್ಕೆ, ಸಂಪುಟದಿಂದ ಕಲ್ಲಿಗೆ ಹೋಗುವ ದಾರಿ. ಅವಳ ಊರಿನ ಈಶ್ವರ ದೇವಾಲಯದಿಂದಲೇ ಇದನ್ನು ಶುರುಮಾಡಬಹುದು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದವು. ಅವುಗಳ ಬಗ್ಗೆ ಪುಟಗಳೂ ವಿಡಿಯೊಗಳೂ ಇನ್ನೂ ಹೆಚ್ಚುತ್ತವೆ. ದಾಸೋಜನನ್ನು ನೋಡಹೊರಡುವವರಿಗೆ ಒಂದು ಮಾತು: ಮದನಿಕೆಗಳು ಸೂರಿನಡಿ ಎತ್ತರದಲ್ಲಿವೆ, ಜೂಮ್ ಇರುವ ಕ್ಯಾಮೆರಾ ಒಯ್ಯಿರಿ.