ಒಂದು ತಾಮ್ರಫಲಕದ ಹಲವು ಮುಖಗಳು: ಷೇಕ್ಸ್‌ಪಿಯರ್ ಕೆತ್ತನೆಚಿತ್ರಗಳನ್ನು ಓದುವ ಬಗೆ

ಷೇಕ್ಸ್‌ಪಿಯರ್ ಎಂದೊಡನೆ ನೆನಪಾಗುವ ಎತ್ತರದ ಹಣೆ, ಗಂಜಿ ಹಾಕಿದ ಅಗಲ ಕೊರಳಪಟ್ಟಿಯ ಮುಖ ಅವನ ನಾಟಕಗಳ ಸಂಗ್ರಹವಾದ 1623ರ ಮೊದಲ ಫೋಲಿಯೋದ ಶೀರ್ಷಿಕೆಪುಟದ್ದು. ಮಾರ್ಟಿನ್ ಡ್ರೂಶೌಟ್ ಕೆತ್ತಿದ ಈ ಚಿತ್ರವನ್ನು ಉಲ್ಲೇಖಿಸುವವರು ಅದು ಯಾವ ಮುದ್ರಣದ್ದು, ತಾಮ್ರಫಲಕದ ಯಾವ ಹಂತದ್ದು, ಅಂದರೆ ಯಾವ ತಿದ್ದುಪಡಿಯ ಹಿಂದಿನದು ಅಥವಾ ಮುಂದಿನದು, ಎಂದು ಹೇಳುವುದು ಅಪರೂಪ. ಅದನ್ನು ಹೇಳದೆ ಆ ಮುಖದ ಬಗ್ಗೆ ಆಡುವ ಯಾವ ಮಾತಿಗೂ ಗಟ್ಟಿ ಆಧಾರವಿರುವುದಿಲ್ಲವೆಂದು ನಾನು ಭಾವಿಸುತ್ತೇನೆ.

ತಾಮ್ರದಲ್ಲಿ ಉಳಿಯಿಂದ ತೋಡಿದ ಗೆರೆಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ತೇವದ ಕಾಗದವನ್ನಿಟ್ಟು ಉರುಳೆಗಳ ನಡುವೆ ಒತ್ತಿದಾಗ ಚಿತ್ರ ಮೂಡುತ್ತದೆ. ಅಚ್ಚುಮೊಳೆಯ ಅಕ್ಷರಗಳಿಗೆ ಬೇರೆಯೇ ಯಂತ್ರ. ಹೀಗಾಗಿ ಆ ಶೀರ್ಷಿಕೆಪುಟ ಎರಡು ಯಂತ್ರಗಳನ್ನು ಹಾದುಬರಬೇಕಾಯಿತು. ಒತ್ತಿದಷ್ಟೂ ತಾಮ್ರ ಸವೆಯುತ್ತದೆ. ನವಿರು ಗೆರೆಗಳು ಮೊದಲು ಅಳಿಯುತ್ತವೆ. ಅಳಿದ ಗೆರೆಯನ್ನು ಯಾರಾದರೂ ಮತ್ತೆ ತೋಡಲೇಬೇಕು, ಆ ಕೈ ಮೂಲ ಕೆತ್ತನೆಗಾರನದೇ ಆಗಿರಬೇಕೆಂದೇನೂ ಇಲ್ಲ.

ಡ್ರೂಶೌಟ್ ಫಲಕದ ಮೊದಲ ಹಂತದ ಪ್ರತಿಗಳು ತೀರಾ ವಿರಳ. ಅವುಗಳಲ್ಲಿ ಕೊರಳಪಟ್ಟಿಯ ಮೇಲೆ ತಲೆಯ ನೆರಳಿಲ್ಲ. ತಲೆ ದೇಹದಿಂದ ಬೇರೆಯಾಗಿ ತೇಲುವಂತಿದೆ. ಮುದ್ರಣ ನಡೆಯುತ್ತಿದ್ದಾಗಲೇ ನೆರಳು ಸೇರಿತು. ಬಳಿಕ ಕಣ್ಣುಗಳಲ್ಲೂ ಸಣ್ಣ ತಿದ್ದುಪಡಿಯಾಯಿತು. ಇದೇ ಫಲಕ 1632ರ ಎರಡನೆಯ, 1663ರ ಮೂರನೆಯ, 1685ರ ನಾಲ್ಕನೆಯ ಫೋಲಿಯೋಗಳಿಗೂ ದುಡಿಯಿತು. ಕೊನೆಯದರ ಹೊತ್ತಿಗೆ ಗೆರೆಗಳು ಒರಟಾಗಿ, ಮುಖ ದಪ್ಪ ನೆರಳುಗಳಿಂದ ಬಿಗಿದುಕೊಂಡಿದೆ. ಅಲ್ಲಿ ಕಾಣುವ ಗಡಸುತನ ಕವಿಯ ಸ್ವಭಾವದ್ದಲ್ಲ, ಅರವತ್ತಕ್ಕೂ ಹೆಚ್ಚು ವರ್ಷ ದುಡಿದ ತಾಮ್ರದ್ದು.

ಹಾಗೆಂದು ಚಿತ್ರವನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. 1601ರಲ್ಲಿ ಹುಟ್ಟಿದ ಕಿರಿಯ ಡ್ರೂಶೌಟನೇ ಕೆತ್ತನೆಗಾರನೆಂಬ ಪ್ರಚಲಿತ ಅಭಿಪ್ರಾಯವನ್ನು ಒಪ್ಪಿದರೆ, 1616ರಲ್ಲಿ ಕವಿ ತೀರಿಕೊಂಡಾಗ ಅವನಿನ್ನೂ ಹದಿಹರೆಯದ ಹುಡುಗ. ಎದುರು ಕೂರಿಸಿಕೊಂಡು ಬರೆದ ಚಿತ್ರ ಇದಾಗಿರಲಾರದು. ಆದರೆ ಫೋಲಿಯೋದ ಹೊಣೆ ಹೊತ್ತ ಹೆಮಿಂಗ್ಸ್ ಮತ್ತು ಕಾಂಡೆಲ್ ಕವಿಯೊಂದಿಗೆ ರಂಗದಲ್ಲಿ ದುಡಿದವರು. ಚಿತ್ರದ ಎದುರುಪುಟದ ಪದ್ಯದಲ್ಲಿ ನಾಟಕಕಾರ ಬೆನ್ ಜಾನ್ಸನ್ ಹೋಲಿಕೆಯನ್ನು ಮೆಚ್ಚಿ, ಕೊನೆಗೆ ಚಿತ್ರ ಬಿಟ್ಟು ಪುಸ್ತಕ ನೋಡಿರೆನ್ನುತ್ತಾನೆ. ಮುಖವನ್ನು ಬಲ್ಲವರು ಒಪ್ಪಿಕೊಂಡ ಚಿತ್ರ ಎಂಬುದೇ ಇದರ ದೊಡ್ಡ ಬಲ.

ದೃಶ್ಯಗಳ ಕೆತ್ತನೆಗೆ ಬಂದರೆ ಪ್ರಶ್ನೆ ಬದಲಾಗುತ್ತದೆ. ನಿಕೊಲಸ್ ರೋ 1709ರಲ್ಲಿ ಸಂಪಾದಿಸಿದ ಆವೃತ್ತಿಯಲ್ಲಿ ಪ್ರತಿ ನಾಟಕಕ್ಕೂ ಒಂದು ಚಿತ್ರವಿದೆ. ಹ್ಯಾಮ್ಲೆಟ್ ತಾಯಿಯ ಕೋಣೆಯಲ್ಲಿ ತಂದೆಯ ಪ್ರೇತವನ್ನು ಕಂಡಾಗಿನ ಚಿತ್ರದಲ್ಲಿ ಕುರ್ಚಿಯೊಂದು ಮಗುಚಿ ಬಿದ್ದಿದೆ. ನಾಟಕದ ಪಠ್ಯದಲ್ಲಿ ಅದಿಲ್ಲ. ಅಂದಿನ ನಟರ ಅಭಿನಯದಿಂದ ಬಂದದ್ದು. ವಿಲಿಯಂ ಹೊಗಾರ್ತ್ ಮತ್ತು ಚಾರ್ಲ್ಸ್ ಗ್ರಿನಿಯನ್ 1746ರಲ್ಲಿ ಕೆತ್ತಿದ ನಟ ಗ್ಯಾರಿಕ್‌ನ ಮೂರನೆಯ ರಿಚರ್ಡ್ ಪಾತ್ರದ ಚಿತ್ರ ಕೂಡ ನಟನ ಮುಖಕ್ಕೆ ಅಂಟಿಕೊಂಡ ಕೃತಿ.

ಕೆತ್ತನೆಚಿತ್ರಗಳ ಪ್ರಕಾಶಕ ಜಾನ್ ಬಾಯ್ಡೆಲ್‌ನ ಉದ್ಯಮದಲ್ಲಿ ಈ ನಂಟು ಸಡಿಲವಾಯಿತು. 1789ರಲ್ಲಿ ಲಂಡನ್ನಿನ ಪಾಲ್ ಮಾಲ್‌ನಲ್ಲಿ ಅವನು ತೆರೆದ ಚಿತ್ರಶಾಲೆಗೆ ರೆನಾಲ್ಡ್ಸ್, ಫ್ಯೂಸೆಲಿ, ವೆಸ್ಟ್ ಮೊದಲಾದ ಚಿತ್ರಕಾರರು ಷೇಕ್ಸ್‌ಪಿಯರ್ ನಾಟಕಗಳ ದೃಶ್ಯಗಳನ್ನು ಬರೆದರು. ಹಣ ಬರಬೇಕಾದದ್ದು ಮಾತ್ರ ಚಂದಾದಾರರಿಗೆ ಮಾರುವ ಕೆತ್ತನೆಗಳಿಂದ. ಬೇಗ ಮುಗಿಯಲೆಂದು ಹಲವು ಫಲಕಗಳಲ್ಲಿ ಚುಕ್ಕಿ ಕೆತ್ತನೆಯನ್ನು ಬಳಸಿದ್ದನ್ನು ಗ್ರಾಹಕರು ಮೆಚ್ಚಲಿಲ್ಲ. ಫ್ರಾನ್ಸಿನ ಜೊತೆಗಿನ ಯುದ್ಧ ಯುರೋಪಿನ ಮಾರುಕಟ್ಟೆಯನ್ನು ಮುಚ್ಚಿತು. ಬಾಯ್ಡೆಲ್ 1804ರ ಡಿಸೆಂಬರಿನಲ್ಲಿ ತೀರಿಕೊಂಡ. ಮರುತಿಂಗಳು ಚಿತ್ರಶಾಲೆ ಲಾಟರಿಯಲ್ಲಿ ವಿಲಿಯಂ ಟಾಸಿಯ ಪಾಲಾಗಿ, ಅದೇ ವರ್ಷ ವರ್ಣಚಿತ್ರಗಳು ಹರಾಜಾಗಿ ಚದುರಿದವು.

ಫಲಕಗಳ ಬದುಕು ಇನ್ನೂ ಮುಂದುವರಿಯಿತು. ಅವು ಅಟ್ಲಾಂಟಿಕ್ ದಾಟಿ, ದುರಸ್ತಿಗೊಂಡು, 1852ರಲ್ಲಿ ನ್ಯೂಯಾರ್ಕಿನಲ್ಲಿ ಮತ್ತೆ ಅಚ್ಚಾದವು. ಹಾಗಾಗಿ ಬಾಯ್ಡೆಲ್ ಹಾಳೆಯೊಂದು ಕೈಗೆ ಬಂದಾಗ ಚಿತ್ರದ ಶೈಲಿಯೊಂದನ್ನೇ ನಂಬಿ ಕಾಲ ನಿರ್ಣಯಿಸಬಾರದು. ಕಾಗದವನ್ನೂ ಗೆರೆಗಳ ಸವೆತವನ್ನೂ ಪರೀಕ್ಷಿಸಬೇಕು.