ಗಡಿಯಾಚೆಯ 64 ದಿನ

ಕಾರವಾರದಲ್ಲಿ ಕಾಳಿ ಸೇತುವೆ ದಾಟಿ ಮಾಜಾಳಿಯ ಆಚೆ ಹೋದರೆ ಗೋವೆ. ದುಡಿಮೆಗೆ, ಮದುವೆಗೆ, ದೇವರ ಕಾರ್ಯಕ್ಕೆ ನಮ್ಮವರು ಓಡಾಡುವ ದಾರಿ. ಏಡ್ಸ್ ಎಂದರೆ ಎಲ್ಲೋ ಅಮೆರಿಕದ ರೋಗ ಎಂದು ನಾವು ನಂಬಿದ್ದ ದಿನಗಳಲ್ಲಿ ಅದರ ಸುದ್ದಿ ಇಷ್ಟು ಹತ್ತಿರದಿಂದಲೇ ಬಂತು.

ಮಾಪುಸಾ ಬಳಿಯ ಪರ್ರಾ ಗ್ರಾಮದ ಡೊಮಿನಿಕ್ ಡಿಸೋಜಾ ಎಂಬ ತರುಣ ಆಗಾಗ ರಕ್ತದಾನ ಮಾಡುತ್ತಿದ್ದ. ಆ ರಕ್ತದಲ್ಲಿ ಎಚ್‌ಐವಿ ಸೋಂಕು ಕಂಡಿತ್ತು. ಅದು ಅವನಿಗೇ ತಿಳಿದಿರಲಿಲ್ಲ. 1989ರ ಫೆಬ್ರವರಿಯಲ್ಲಿ ಮನೆಗೆ ಬಂದದ್ದು ವೈದ್ಯರಲ್ಲ, ಪೊಲೀಸರು. ಗೋವೆಯ ಆರೋಗ್ಯ ಕಾಯಿದೆಯಲ್ಲಿ ಸೋಂಕಿತರನ್ನು ಬೇರೆ ಇಡಬೇಕೆಂಬ ನಿಯಮವಿತ್ತು. ಹಳೆಯ ಕ್ಷಯದ ಆಸ್ಪತ್ರೆಯೊಂದರಲ್ಲಿ, ಪಹರೆಯೊಳಗೆ, ಅವನು 64 ದಿನ ಕಳೆದ. ತಾಯಿ ಲೂಸಿಯವರು ಹೈಕೋರ್ಟಿನ ಮೆಟ್ಟಿಲೇರಿದರು. ಮಗ ಹೊರಬಂದ, ಆದರೆ ಹೀಗೆ ಕೂಡಿಹಾಕುವ ಸರಕಾರದ ಅಧಿಕಾರವನ್ನು ನ್ಯಾಯಾಲಯ ಎತ್ತಿಹಿಡಿಯಿತು. 1992ರಲ್ಲಿ ಗೆಳೆಯರೊಡನೆ ‘ಪಾಸಿಟಿವ್ ಪೀಪಲ್’ ಸಂಸ್ಥೆ ಕಟ್ಟಿದ ಡೊಮಿನಿಕ್ ಆ ವರ್ಷವೇ ತೀರಿಕೊಂಡ.

ಜನ ಪರೀಕ್ಷೆಗೆ ಬರದಿರುವುದು ಅಜ್ಞಾನದಿಂದ ಎಂದು ಭಾಷಣಗಳಲ್ಲಿ ಕೇಳಿದ್ದೇನೆ. ನನಗೇನೋ ಹಾಗೆನಿಸದು. ದಾನ ಕೊಟ್ಟವನನ್ನೇ ಹಿಡಿದೊಯ್ದ ಕಥೆ ಕೇಳಿದ ಯಾವ ಹುಡುಗ ತಾನಾಗಿ ತೋಳು ಚಾಚಿಯಾನು? ಆ ಅಂಜಿಕೆಯಲ್ಲಿ ವಿವೇಕವಿತ್ತು.

ಕಾನೂನು ತಿರುಗಲು ಬಹಳ ಕಾಲ ಹಿಡಿಯಿತು. ಉಚಿತ ಎಆರ್‌ಟಿ ಮಾತ್ರೆ 2004ರಲ್ಲಿ ಬಂತು. 2017ರ ಎಚ್‌ಐವಿ ಕಾಯಿದೆ ಮರುವರ್ಷ ಜಾರಿಯಾಗಿ, ಒಪ್ಪಿಗೆಯಿಲ್ಲದ ಪರೀಕ್ಷೆಗೂ ಗುಟ್ಟು ಹೊರಹಾಕುವುದಕ್ಕೂ ತಡೆ ಹಾಕಿತು. ಈಗ ಬೇಗ ಗೊತ್ತಾಗಿ ಮಾತ್ರೆ ತಪ್ಪಿಸದವರು ಎಲ್ಲರಂತೆ ಬಾಳುತ್ತಾರೆ. ಶಾಲೆಗಳ ಮಾತು ಬೇರೆ. 2007ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನೇ ನಿಲ್ಲಿಸಿದವು. ಆ ಪಾಠ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಹಾಳೆ ತಿರುವುವ ಅಧ್ಯಾಪಕರಿಗೆ ನಮ್ಮಲ್ಲಿ ಮೊದಲೂ ಬರವಿರಲಿಲ್ಲ ಬಿಡಿ.

ಪಿ.ಯು. ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಬಂದು ತಡವರಿಸಿ ಕೇಳಿದ: “ಅಕ್ಕೋರೆ, ಆ ಪರೀಕ್ಷೆ ಮಾಡೋ ಕಡೆ ನಮ್ಮೂರಿನವರು ಯಾರಾದ್ರೂ ಕೆಲಸಕ್ಕೆ ಇರ್ತ್ರಾ?” ರೋಗದ ಬಗ್ಗೆ ಒಂದೂ ಪ್ರಶ್ನೆಯಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಹೆಸರು ಹೊರಗೆ ಹೇಳುವಂತಿಲ್ಲ ಎಂದೆ. 18 ತುಂಬುವವರೆಗೆ ಪೋಷಕರ ಒಪ್ಪಿಗೆ ಬೇಕೆಂಬುದನ್ನೂ ಹೇಳದೆ ವಿಧಿಯಿರಲಿಲ್ಲ.

“ಹಂಗಾರೆ ಅಪ್ಪಂಗೆ ಗೊತ್ತಾಗ್ತದೆ.”

ಅಪ್ಪನ ಹತ್ತಿರ ನಾನೇ ಮಾತಾಡಲೇ ಎಂದು ಕೇಳಿದೆ. ಯೋಚನೆ ಮಾಡಿ ಹೇಳ್ತೆ ಎಂದು ಸೈಕಲ್ ಹತ್ತಿದ.